ಹೈವೇ ಬಿಟ್ಟವರು

ಇದನ್ನು ನೀವು ನಂಬುವುದಿಲ್ಲ, ನನಗೆ ಗೊತ್ತುಂಟು. ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನವನು "ಸಾಕು ಮಾರಾಯ, ಸ್ವಲ್ಪ ಕಮ್ಮಿ ಬಿಡು" ಅಂದ. ಆದ್ರೂ ಹೇಳ್ತೇನೆ. ನಾವು ಇನ್ನಂಜೆಯವರು, ಮೂಲ್ಕಿಯಲ್ಲಿದ್ದ ಒಂದು ಮದುವೆಗೆ ಕಾರ್ಕಳದ ಮೇಲೆ ಹೋದವರು.

ಈ ಕಡೆಯ ಮ್ಯಾಪ್ ಗೊತ್ತಿಲ್ಲದವರಿಗೆ ಹೇಳುವುದಾದ್ರೆ, ಬಲಗೈಯಲ್ಲಿ ಅನ್ನ ಕಲಸಿ, ತಲೆಯ ಹಿಂದಿನಿಂದ ಸುತ್ತಿ ತಂದು, ಎಡಗಿವಿಯ ಬದಿಯಿಂದ ಬಾಯಿಗೆ ಹಾಕಿದ ಹಾಗೆ. ಕಾಪುವಿಗೆ ಇಳಿದು ಹೈವೇ ಹಿಡಿದಿದ್ರೆ ಮೂಲ್ಕಿ ಅಲ್ಲೇ. ನಮ್ಮ ಓಮ್ನಿ ಶಿರ್ವ ದಾಟಿತು. ಬೆಳ್ಮಣ್ಣಿನಲ್ಲಿ ಅಪ್ಪ ತಪ್ಪಿ ಎಡಕ್ಕೆ ತಿರುಗಿಸಿದ್ರು, ತಪ್ಪಿದ್ದು ಅಂತ ಕೊನೆವರೆಗೂ ಒಪ್ಪಲಿಲ್ಲ. ಫೋನಿನ ಮ್ಯಾಪಿನ ಹೆಂಗಸು ಯು-ಟರ್ನ್ ಯು-ಟರ್ನ್ ಅಂತ ಕಾರ್ಕಳದವರೆಗೆ ಬೇಡಿಕೊಂಡಳು. ಮೂಡುಬಿದಿರೆ ಬರುವಾಗ ಅವಳ ಸ್ವರವೇ ಇಲ್ಲ. ಅಪ್ಪ ವಾಲ್ಯೂಮ್ ಇಳಿಸಿದ್ದು ಅಂತ ಅಮ್ಮ ಹೇಳ್ತಾಳೆ. ನಾನು ಹೇಳುವುದು, ಅವಳು ರಾಜೀನಾಮೆ ಕೊಟ್ಟದ್ದು.

ಹಾಲ್‌ಗೆ ಮುಟ್ಟುವಾಗ ಐಸ್‌ಕ್ರೀಮ್ ಖಾಲಿ. ಮದುಮಗಳು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ತಿದ್ದಳು. ದೊಡ್ಡಮ್ಮ ಬಾಗಿಲಲ್ಲೇ ಹಿಡಿದ್ರು.

"ಎಂತ, ಗೋವಾ ಸುತ್ತಿ ಬಂದ್ರಾ?"

"ಒಳಗಿನ ರೋಡ್ ಚಂದ ಉಂಟು ಅಕ್ಕ" ಅಂದ್ರು ಅಪ್ಪ.

ದೊಡ್ಡಮ್ಮ ನಗ್ಲಿಕ್ಕೆ ಬಾಯಿ ತೆರೆದವರು ಹಾಗೇ ನಿಲ್ಲಿಸಿ, ಅಮ್ಮನ ಕೈ ಹಿಡಿದುಕೊಂಡ್ರು. ಅವರಿಗೆ ನೆನಪಾಯ್ತು.

ನೆನಪಾದದ್ದು ನನ್ನ ಅಕ್ಕ. ಅದರ ಹಿಂದಿನ ವರ್ಷ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಅವಳು ಸ್ಕೂಟಿಯಲ್ಲಿ ಉಡುಪಿಗೆ ಕೆಲಸಕ್ಕೆ ಹೊರಟಿದ್ದಳು. ಕಟಪಾಡಿ ಹತ್ತಿರ ಹೈವೇಯ ಡಿವೈಡರಿನಲ್ಲಿ ಒಂದು ಗ್ಯಾಪ್ ಉಂಟು. ಅಲ್ಲಿ ದಾಟ್ಲಿಕ್ಕೆ ಹೋದವಳು ದಾಟಲಿಲ್ಲ. ಬೇರೆ ಎಲ್ಲವನ್ನೂ ಎಳೆದು ಉದ್ದ ಮಾಡ್ಲಿಕ್ಕೆ ನನಗೆ ಬರ್ತದೆ, ಇದು ಬರುವುದಿಲ್ಲ.

ಮನೆಗೆ ಬಂದವರೆಲ್ಲ ದಾರಿಯ ವಿಷಯವೇ ಮಾತಾಡಿದ್ರು. ಅವಳ ದಾರಿ ಅಷ್ಟೇ ಇದ್ದದ್ದು ಅಂತ ಒಬ್ಬರು. ದೇವರು ಏನಾದ್ರೂ ದಾರಿ ತೋರಿಸ್ತಾನೆ ಅಂತ ಇನ್ನೊಬ್ಬರು. ಆಗಿನ ಪಿಯು ಕಾಲೇಜಿನ ಕೌನ್ಸೆಲಿಂಗ್ ಮೇಡಂ ನನಗೆ ಚಾಕಲೇಟ್ ಕೊಟ್ಟು, ನೀನು ನಿನ್ನ ದಾರಿಯಲ್ಲಿ ಮುಂದೆ ಹೋಗ್ಬೇಕು ಅಂದ್ರು. ಇದನ್ನೆಲ್ಲ ಕೇಳಿ ನಿಜವಾಗಿ ದಾರಿ ಹುಡುಕಿದ್ದು ಅಪ್ಪ ಒಬ್ಬರೇ. ಕಾರ್ಯ ಎಲ್ಲ ಮುಗಿದ ಮೇಲೆ ಮೊದಲ ಸಲ ಓಮ್ನಿಯ ಕೀ ತೆಗೆದವರು, ನನ್ನನ್ನು ಅಂಗಳಕ್ಕೆ ಕರೆದು, "ಇನ್ನು ನಾವು ಹೈವೇಗೆ ಇಳಿಯುವುದು ಬೇಡ. ಅಮ್ಮನಿಗೆ ಆಗುವುದಿಲ್ಲ" ಅಂದ್ರು. ಒಂದು ಗ್ಯಾಪಿಗೋಸ್ಕರ ಇಡೀ ಹೈವೇಯನ್ನೇ ಬಿಟ್ಟದ್ದು. ಈ ತುದಿಯಲ್ಲಿ ಗೋವಾ, ಆ ತುದಿಯಲ್ಲಿ ಕೇರಳ, ಎರಡೂ ನಮಗೆ ಬಂದ್.

ಪಿಯು ಮುಗಿದ ಮೇಲೆ ನನಗೆ ಕಾಲೇಜು ಮಣಿಪಾಲದಲ್ಲಿ ಸಿಕ್ಕಿತು. ಸಂಜೆ ಗೇಟಿನ ಎದುರು ಓಮ್ನಿ ನಿಂತಿರ್ತದೆ. ಅದರ ಹಾರ್ನ್ ಶೀತ ಆದ ಮೇಕೆಯ ಸ್ವರದ್ದು. ಹುಡುಗಿಯರೆಲ್ಲ ತಿರುಗಿ ನೋಡುವಾಗ ನಾನು ಬೇರೆಯವರ ಮೇಕೆ ಅನ್ನುವ ಹಾಗೆ ನಡೆದು ಹೋಗಿ ಹತ್ತುವುದು. ಆಮೇಲೆ ಹಳ್ಳಿಗಳ ಒಳದಾರಿ, ಅಲೆವೂರು, ಮಣಿಪುರ, ಶಂಕರಪುರ, ಗುಂಡಿಗೊಂದು ಗುಂಡಿ ಫ್ರೀ.

"ನಾನು ಉಡುಪಿಗೆ ಇಳಿದು ಬಸ್ಸಿನಲ್ಲಿ ಬರ್ತೇನೆ ಅಪ್ಪ."

"ಅದು ಹೈವೇಯಲ್ಲಿ ಹೋಗ್ತದೆ."

"ಕಣ್ಣು ಮುಚ್ಚಿಕೊಳ್ತೇನೆ."

"ನೀನು ಮುಚ್ಚಿಕೊಳ್ತೀಯ. ಯಾವ ದಾರಿಯಲ್ಲಿ ಬಂದೆ ಅಂತ ಅಮ್ಮ ಕೇಳಿದ್ರೆ?" ಅಪ್ಪ ಗೇರ್ ಹಾಕ್ಲಿಕ್ಕೆ ಮರೆತು ಹಾಗೇ ಕೂತ್ರು. "ಇನ್ನೊಮ್ಮೆ ಅವಳು ಮಲಗಿದ್ರೆ ಏಳಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಅದು ಸುಳ್ಳಲ್ಲ. ಅಕ್ಕ ಹೋದ ಮೇಲೆ ಅಮ್ಮ ಹಾಸಿಗೆ ಬಿಟ್ಟು ಏಳದೆ, ಮನೆ ಎದುರಿನ ಮಲ್ಲಿಗೆ ಗಿಡಗಳಲ್ಲಿ ಹೂ ಅರಳಿ ಅಲ್ಲೇ ಕಪ್ಪಾಗಿ ಬಿದ್ದಿತ್ತು. ಈಗ ಈಗ ಮತ್ತೆ ಬೆಳಿಗ್ಗೆ ಎದ್ದು ಮೊಗ್ಗು ಕೊಯ್ತಾಳೆ, ಬಾಳೆನಾರಿನಲ್ಲಿ ಕಟ್ಟಿ, ಹೂ ಖರೀದಿ ಮಾಡುವ ಕಟ್ಟೆಗೆ ಕೊಡ್ತಾಳೆ. ಬುಧವಾರ ಸಂಜೆ ಶಂಕರಪುರದಲ್ಲಿ ಹೆಂಗಸರ ಸಂಘದ ಮೀಟಿಂಗ್‌ಗೂ ಹೋಗ್ತಾಳೆ. ಹಾಗಾಗಿ ನಾನು ಮತ್ತೆ ಬಸ್ಸಿನ ವಿಷಯ ಎತ್ತಲಿಲ್ಲ.

ಆದ್ರೆ ನನಗೆ ಆ ಜಾಗ ನೋಡ್ಬೇಕಿತ್ತು. ನನ್ನನ್ನು ಯಾರೂ ಅಲ್ಲಿಗೆ ಕರ್ಕೊಂಡು ಹೋಗಿರಲಿಲ್ಲ. ನೋಡದೆ ನೋಡದೆ ಅದು ತಲೆಯೊಳಗೆ ದೊಡ್ಡದಾಗ್ತಾ ಹೋಯ್ತು. ಕನಸಿನಲ್ಲಿ ಆ ಗ್ಯಾಪ್ ಕಾಪು ಬೀಚಿನಷ್ಟು ಅಗಲ, ಈ ಬದಿಯಲ್ಲಿ ಅಕ್ಕ ಇಂಡಿಕೇಟರ್ ಹಾಕಿ ನಿಂತೇ ಇರ್ತಾಳೆ.

ಒಂದು ಬುಧವಾರ ಓಮ್ನಿಯ ಕ್ಲಚ್ ಹೋಯ್ತು. "ಅಲೆವೂರಿನ ಮೇಲೆ ಬರುವ ಬಸ್ಸನ್ನೇ ಹಿಡಿ, ಆಯ್ತಾ?" ಅಂತ ಅಪ್ಪನ ಫೋನ್. ಆಯ್ತು ಅಂದವನು ಸೀದಾ ಉಡುಪಿಗೆ ಇಳಿದು ಕಾಪು ಕಡೆಗೆ ಹೋಗುವ ಸರ್ವಿಸ್ ಬಸ್ ಹತ್ತಿದೆ.

"ಒಳಗೆ ಹೋಗಿ, ಒಳಗೆ ಹೋಗಿ, ಒಳಗೆ ಕಬಡ್ಡಿ ಆಡ್ಲಿಕ್ಕೆ ಜಾಗ ಉಂಟು" ಅಂತ ಕಂಡಕ್ಟರ್ ನನ್ನನ್ನು ಒಬ್ಬರ ಮೀನಿನ ಚೀಲದ ಮೇಲೆ ಒತ್ತಿದ. ಕಿಟಕಿಯ ಸೀಟ್ ಸಿಕ್ಕಿದ್ದು ನನ್ನ ಪುಣ್ಯ, ಚೀಲದವರು ಉದ್ಯಾವರದಲ್ಲಿ ಇಳಿದದ್ದು ಇಡೀ ಬಸ್ಸಿನ ಪುಣ್ಯ.

"ಎಲ್ಲಿಗೆ?"

"ಕಟಪಾಡಿ."

"ಅಷ್ಟಕ್ಕೆ ಯಾಕೆ ಮಾರಾಯ ಇಂಜೆಕ್ಷನ್ ತೆಗೊಳ್ಳುವವನ ಮುಖ?"

ಹೊಳೆ ದಾಟಿತು. ನಾನು ಬ್ಯಾಗನ್ನು ಅಪ್ಪಿ ಹಿಡಿದು ಹೊರಗೆ ನೋಡಿದೆ. ಕಣ್ಣು ಮುಚ್ಚಲಿಲ್ಲ.

ಎಷ್ಟು ಸಣ್ಣದು ಗೊತ್ತುಂಟಾ ಅದು? ನಮ್ಮ ಓಮ್ನಿ ಅಡ್ಡ ನಿಂತ್ರೆ ಮುಚ್ಚಿ ಹೋಗ್ತದೆ. ಬದಿಯಲ್ಲಿ ಒಬ್ಬ ಎಳನೀರಿನವ, ಅವನ ಗಾಡಿಯ ಕೆಳಗೆ ಮಲಗಿದ ಒಂದು ನಾಯಿ. ಡಿವೈಡರಿನಲ್ಲಿ ಧೂಳು ಹಿಡಿದ ಕಣಗಿಲೆ ಗಿಡ. ಅದರ ಕೊಂಬೆಗೆ ಒಂದು ತುಂಡು ಮಲ್ಲಿಗೆ ಮಾಲೆ ಕಟ್ಟಿತ್ತು. ಬಾಡಿರಲಿಲ್ಲ. ಈಗಷ್ಟೇ ಕಟ್ಟಿದ ಹಾಗೆ ಬೆಳ್ಳಗಿತ್ತು.

ಇಲ್ಲಿಗೆ ಹೂ ತರುವವರು ಯಾರು ಅಂತ ಯೋಚನೆ ಮಾಡುವಷ್ಟರಲ್ಲಿ ಕಂಡಕ್ಟರ್ ವಿಸಿಲ್ ಹೊಡೆದ. ಬಸ್ ನಿಂತಿತು. ಮುಂದಿನ ಬಾಗಿಲಿನಿಂದ ಅಮ್ಮ ಹತ್ತಿದಳು.

ಸುಳ್ಳಿಗೆ ನನ್ನ ಹತ್ತಿರ ಯಾವತ್ತೂ ಬರ ಇಲ್ಲ. ಅಲೆವೂರಿನ ಬಸ್ ಪಂಕ್ಚರ್, ಸೇತುವೆ ಮೇಲೆ ಎಮ್ಮೆ, ಎಲ್ಲ ರೆಡಿ ಇತ್ತು. ಅಮ್ಮ ನನ್ನನ್ನು ನೋಡಿದಳು. ಕಂಬಿ ಹಿಡಿದು ಹಿಡಿದು ಬಂದು ಪಕ್ಕದ ಖಾಲಿ ಸೀಟಿನಲ್ಲಿ ಕೂತಳು. ಅವಳ ಬೆರಳಿಗೆ ಬಾಳೆನಾರಿನ ಒಂದು ಎಳೆ ಸುತ್ತಿಕೊಂಡೇ ಇತ್ತು.

"ಓಮ್ನಿ?"

"ಕ್ಲಚ್ ಹೋಗಿದೆ."

"ಮಧ್ಯಾಹ್ನ ಊಟ ಮಾಡಿದ್ಯಾ?"

"ಮಾಡಿದೆ." ಮತ್ತೆ ನಾನು ಕೇಳಿದೆ, "ಮೀಟಿಂಗ್?"

"ಆಯ್ತು" ಅಂದಳು.

ಕಟಪಾಡಿ ಬಂತು. ನಾನು ಏಳುವಾಗ ಅಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

"ಅಪ್ಪನಿಗೆ ಹೇಳ್ಬೇಡ ಮಗಾ" ಅಂದಳು. "ಈ ರೋಡ್ ಅವರಿಗೆ ಆಗುವುದಿಲ್ಲ."