ಬೀಗದ ಹಿಂದಿನ ದಾಳಿಂಬೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 'ಸಂಶೋಧನೆಯಿಂದ ತಿಳಿದುಬಂದಿದೆ' ಎಂದು ನಾನು ಬರೆದ ಸುದ್ದಿಗಳಲ್ಲಿ ಹೆಚ್ಚಿನವಕ್ಕೆ ನಾನು ಓದಿದ್ದು ಸಾರಾಂಶ ಮಾತ್ರ. ವಿದ್ವತ್ ಪತ್ರಿಕೆಗಳು ಸಾರಾಂಶವನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಲೇಖನವನ್ನು ಒಳಗಿಟ್ಟು, ದುಡ್ಡು ಕೊಟ್ಟವರಿಗಷ್ಟೇ ತೆರೆಯುವ ಬೀಗ ಹಾಕುತ್ತವೆ. ನಾನು ಕಟ್ಟೆಯಲ್ಲೇ ಮಾತಾಡಿ ಬಂದು, ಅಡುಗೆಮನೆಯನ್ನೂ ನೋಡಿದವನಂತೆ ಬರೆಯುತ್ತಿದ್ದೆ. ಕೊಪ್ಪಳದಲ್ಲಿ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಕುಷ್ಟಗಿ ಕಡೆಯ ಶಾಂತವ್ವ ಕೇಳಿದರು. ಅವರ ದಾಳಿಂಬೆ ತೋಟಕ್ಕೆ ಚುಕ್ಕಿ ರೋಗ ಬಿದ್ದಿತ್ತು. ನನ್ನ ಸುದ್ದಿ ನಂಬಿ ಔಷಧಿ ಸಿಂಪಡಿಸಿದ್ದರು. ರೋಗ ಜಗ್ಗಲಿಲ್ಲ. ಗಿಡಗಳನ್ನೆಲ್ಲ ಕಿತ್ತು ಹಾಕಲು ಆಳುಗಳಿಗೆ ಹೇಳುವ ಮುನ್ನ ನನಗೆ ಫೋನ್ ಮಾಡಿದರು.

"ಸರ, ಅದನ್ನ ಪೂರ್ತಿ ಓದಿ ಬರದೀರೇನ್ರಿ?"

"ಬೀಗ ಹಾಕ್ಯಾರ್ರಿ ಅಕ್ಕಾರ. ನಾ ಕಟ್ಟಿಮ್ಯಾಲಿಂದನ ಹೊಳ್ಳಿ ಬಂದೀನಿ."

"ಹೆಪ್ಪಿಲ್ಲಂದ್ರ ಬಾಜೂ ಮನಿಗೆ ಬಟ್ಲಾ ಹಿಡ್ಕೊಂಡು ಹೋಗ್ತೀವಿ. ಬರದವ್ರನ್ನ ಕೇಳಾಕ ನಿಮಗೇನ್ರಿ ನಾಚಿಕಿ?"

ಸುದ್ದಿಮನೆಯಲ್ಲಿ ಯಾರೂ ಕಲಿಸದ ಪಾಠ. ಬಟ್ಟಲು ಹಿಡಿದು ಹೋದೆ. ಅಂದರೆ, ಲೇಖನ ಬರೆದ ಸಂಶೋಧಕಿಗೆ ಶಾಂತವ್ವನ ಪ್ರಶ್ನೆ ತಿಳಿಸಿ ಎರಡು ಸಾಲು ಇಮೇಲ್ ಬರೆದೆ. ಚಹಾ ಕುಡಿದು ಬರುವಷ್ಟರಲ್ಲಿ ಇಡೀ ಲೇಖನ ಬಂದಿತ್ತು! ಜೊತೆಗೊಂದು ಸಾಲು: 'ರೈತರೊಬ್ಬರು ಕೇಳಿದ್ದು ಇದೇ ಮೊದಲು. ಇನ್ನು ಮುಂದಿನ ಲೇಖನಗಳನ್ನು ಎಲ್ಲರಿಗೂ ತೆರೆದೇ ಇಡುತ್ತೇನೆ.' ಚುನಾವಣೆಯ ಫಲಿತಾಂಶಕ್ಕೂ ಕುರ್ಚಿ ಬಿಟ್ಟೇಳದ ನಾನು ಎದ್ದು ನಿಂತೇ ಓದಿದೆ. ಆರನೇ ಪುಟದಲ್ಲಿತ್ತು: ಮೊದಲು ರೋಗದ ಟೊಂಗೆಗಳನ್ನು ಕತ್ತರಿಸಿ ಸುಡಬೇಕು, ಆಮೇಲೆ ಔಷಧಿ. ಸಾರಾಂಶದಲ್ಲಿ ಅದಕ್ಕೆ ಜಾಗವಿರಲಿಲ್ಲ. ನನ್ನ ಸುದ್ದಿಯಲ್ಲೂ.

ಲೇಖನವನ್ನು ಆಗಲೇ ಶಾಂತವ್ವನಿಗೂ ಕಳಿಸಿದೆ. ಮರುದಿನ ತಿದ್ದುಪಡಿ ಅಚ್ಚಾಯಿತು. ಇಷ್ಟು ಖುಷಿಯಿಂದ ತಪ್ಪೊಪ್ಪಿಕೊಂಡ ನೆನಪು ನನಗಿಲ್ಲ. ಶಾಂತವ್ವ ಆಳುಗಳಿಗೆ ಗುದ್ದಲಿ ಬದಲು ಕತ್ತರಿ ಕೊಟ್ಟರು. ಕೃಷಿ ಪದವಿ ಓದುವ ಮಗಳು ಇಂಗ್ಲಿಷನ್ನು ಬಿಡಿಸಿ ಹೇಳುತ್ತ ಹೋದಂತೆ, ತಮ್ಮ ತೋಟದಲ್ಲಿ ಕಂಡದ್ದನ್ನೆಲ್ಲ ಲೇಖನದ ಅಂಚಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಹೊಸ ಚಿಗುರು ಚುಕ್ಕಿಯಿಲ್ಲದೆ ಬಂತು. ಅಕ್ಕಪಕ್ಕದ ತೋಟದವರು ಆ ಅಂಚುಬರಹದ ಸಮೇತ ಝೆರಾಕ್ಸ್ ಒಯ್ದರು.

ಸುದ್ದಿ ತಿಳಿದ ಸಂಶೋಧಕಿ, ಆ ಅಂಚಿನ ಬರಹ ತಮಗೂ ಬೇಕೆಂದು ನನ್ನ ಮೂಲಕ ಕೇಳಿದರು. ಶಾಂತವ್ವನಿಗೆ ಹೇಳಿದೆ.

"ಕೊಡ್ತೀನ್ರಿ," ಎಂದರು. "ಆದ್ರ ಪೂರ್ತಿ ಓದ್ಬೇಕು ಅಂತ ಹೇಳ್ರಿ. ನಿಮ್ಮಂಗ ಕಟ್ಟಿಮ್ಯಾಲಿಂದ ಹೊಳ್ಳಿ ಹೋಗಬಾರದು."