ಕತ್ತಿ ಎಕ್ಕ ಮತ್ತು ಮಿರ್ತಾಳ ಹುಬ್ಬು

ಮಿರ್ತಾ ಸ್ಕಾಲಿಯೋನೆಯ ಹುಬ್ಬುಗಳ ನಡುವೆ ಎರಡು ಆಳವಾದ ಗೆರೆಗಳಿದ್ದವು, ಹಣೆಯ ಮೇಲೆ ಅಡ್ಡಕ್ಕೆ ಇನ್ನಷ್ಟು. ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯಲ್ಲಿ ಕಣ್ಣು ಕಿರಿದು ಮಾಡಿ ಬಣ್ಣ ಹೊಂದಿಸಿ ಹೊಂದಿಸಿ ಬಂದದ್ದು ಎಂದು ಅವಳು ಹೇಳುತ್ತಿದ್ದಳು. ಗಂಡನಿಂದ ಬಂದದ್ದು ಎಂದು ನನ್ನ ಅಭಿಪ್ರಾಯ. ಆ ಮಹಾಶಯ ಬಿಟ್ಟುಹೋಗಿ ಎಷ್ಟೋ ಕಾಲವಾಯಿತು, ಗೆರೆಗಳು ಮಾತ್ರ ಹೋಗಲಿಲ್ಲ. ಗಿರಾಕಿಗಳು "ಯಾಕಮ್ಮಾ, ಬೆಳಿಗ್ಗೆ ಬೆಳಿಗ್ಗೇನೇ ಸಿಟ್ಟಾ?" ಎಂದು ಕೇಳುವರು. ಅವಳಿಗೆ ಸಿಟ್ಟೇನೂ ಇರುತ್ತಿರಲಿಲ್ಲ. ಕೇಳಿದ ಮೇಲೆ ಬರುತ್ತಿತ್ತು.

ರೊಸಾರಿಯೊ ಊರಿನಲ್ಲಿ ನಮ್ಮ ಬೀದಿಯ ಕ್ಲಬ್ಬಿನ ಕೌಂಟರು ನನ್ನದು. ಎಂಪನಾಡ ಎಂಬ ಮಾಂಸದ ಕಡುಬು ಕರಿಯುತ್ತೇನೆ, ವೆರ್ಮುತ್ ಮದ್ಯ ಸುರಿಯುತ್ತೇನೆ. ನನಗೊಂದು ಒಳ್ಳೆಯ ಹೆಸರಿದೆ, ಆದರೆ ಎಲ್ಲರೂ ಕರೆಯುವುದು ದಡಿಯ ಅಂತ. ಭಾನುವಾರ ಇಲ್ಲಿ ತ್ರೂಕೊ ಇಸ್ಪೀಟು. ಜೋಡಿಯವರು ಎದುರುಬದುರು ಕೂರಬೇಕು. ಬಾಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಬಹುದು, ಜೋಡಿಗೆ ನಿಜ ಹೇಳುವುದೆಲ್ಲ ಮುಖದಲ್ಲಿ. ಎದುರಾಳಿಯ ಕಣ್ಣು ತಪ್ಪಿದ ಗಳಿಗೆಯಲ್ಲಿ ಕೆಳದುಟಿ ಕಚ್ಚಿದರೆ ಕೈಯಲ್ಲಿ ಮೂರರ ಎಲೆ ಇದೆ ಎಂದರ್ಥ. ಎಲ್ಲಕ್ಕಿಂತ ದೊಡ್ಡ ಎಲೆ, ಕತ್ತಿಯ ಚಿತ್ರವಿರುವ ಕತ್ತಿ ಎಕ್ಕ. ಅದು ಬಂದರೆ ಹುಬ್ಬೆರಡನ್ನೂ ಮೇಲೆತ್ತಬೇಕು. ನಮ್ಮ ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಕಲಿಯುತ್ತವೆ.

ಮಿರ್ತಾಳ ಜೋಡಿ ಎಲ್ವಿಯೊ ಪಾಸ್ಕುತ್ತಿ. ಬಸ್ಸು ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡವನು. ಹನ್ನೊಂದು ವರ್ಷದಿಂದ ಇವಳ ಎದುರು ಕೂತು ಆಡುತ್ತಿದ್ದ. ಇವಳಿಗೆ ಅವನ ಮೇಲೆ ಮನಸ್ಸಿತ್ತು. ಅದು ಕ್ಲಬ್ಬಿನ ಬೆಕ್ಕಿಗೂ ಗೊತ್ತಿತ್ತು, ಗೊತ್ತಿಲ್ಲದವನು ಅವನೊಬ್ಬನೇ. ಒಂದು ದಿನ ಎಲೆ ಕಲಸುತ್ತ, "ಮಿರ್ತಾ, ನೀನು ನಕ್ಕರೂ ಬೈದಂಗೇ ಇರತ್ತಲ್ಲ!" ಎಂದುಬಿಟ್ಟ. ಅವಳು ನಕ್ಕಳು. ಇಲ್ಲವೇ ಬೈದಳು, ಕೌಂಟರಿನಿಂದ ಗೊತ್ತಾಗಲಿಲ್ಲ.

ಕ್ಲಬ್ಬಿನ ವಾರ್ಷಿಕೋತ್ಸವದ ದಿನ ಮಧ್ಯಾಹ್ನ ತ್ರೂಕೊ ಫೈನಲ್, ಸಂಜೆ ಊಟ ಮತ್ತು ಕುಣಿತ. ಅದಕ್ಕೆ ಎರಡು ವಾರ ಮುಂಚೆ ಮಿರ್ತಾ ಕೌಂಟರಿಗೆ ಬಂದು ಪಿಸುಗುಟ್ಟಿದಳು.

"ದಡಿಯಾ, ಯಾರ ಹತ್ರಾನೂ ಬಾಯಿ ಬಿಡಬೇಡ. ಹಣೆಗೆ ಸೂಜಿ ಹಾಕಿಸ್ಕೊಂಡು ಬಂದೆ. ಸುಕ್ಕೆಲ್ಲ ಹೋಗತ್ತಂತೆ."

"ನೋವಾಯ್ತಾ?"

"ಸೊಳ್ಳೆ ಕಚ್ಚಿದಂಗಾಯ್ತು, ಅಷ್ಟೇ. ಕುಣಿತದ ದಿನ ಅವನು ನನ್ನ ಒಂದೇ ಒಂದು ಹಾಡಿಗೆ ಕರೀಲಿ, ಸಾಕು. ಕರೀಲಿಲ್ಲ ಅಂದ್ರೆ ನಾನು ಇನ್ಮೇಲೆ ಆ ಮೇಜಿಗೆ ಬರಲ್ಲ."

ತಮಾಷೆ ಮಾಡಬೇಕೆಂದಿದ್ದೆ, ಆಗಲಿಲ್ಲ. ಪಾಪ ಅನ್ನಿಸಿತು. ಚರ್ಮದ ಡಾಕ್ಟರು ಅವಳನ್ನು ಎಲ್ಲ ಕೇಳಿದ್ದರಂತೆ. ಯಾವ ಮಾತ್ರೆ ತಗೋತೀರಿ, ಮೈಗೆ ಏನು ಒಗ್ಗಲ್ಲ, ಎಲ್ಲ. ತ್ರೂಕೊ ಆಡ್ತೀರಾ ಅಂತ ಮಾತ್ರ ಕೇಳಲಿಲ್ಲ. ಮಿರ್ತಾಳ ತಲೆಯಲ್ಲಿ ಇದ್ದದ್ದು ಕುಣಿತ. ಮುಖ ತಿಳಿಯಾಗುವ ತನಕ ಅವಳು ಕ್ಲಬ್ಬಿನ ಕಡೆ ಸುಳಿಯಲೇ ಇಲ್ಲ.

ಫೈನಲ್ ದಿನ ಇಸ್ತ್ರಿ ಹಾಕಿದಂಥ ಹಣೆ ಹೊತ್ತು ಬಂದಳು. ಚೆನ್ನಾಗಿಯೇ ಕಾಣುತ್ತಿದ್ದಳು. ಎಲ್ವಿಯೊ ಕೆನ್ನೆಗೆ ಮುತ್ತಿಟ್ಟು ಮಾತಾಡಿಸಿದ, ಎದುರು ಕೂತ, ಮತ್ತೆ ಮತ್ತೆ ನೋಡಿದ.

ಆಟ ಸಮಸಮ ನಡೆಯಿತು. ಕೊನೆಗೆ ಬಂದಾಗ ಎದುರಾಳಿಗಳು "ತ್ರೂಕೊ!" ಎಂದು ಮೇಜು ಗುದ್ದಿ ಪಣ ಏರಿಸಿದರು. ಆ ಸುತ್ತಿನಲ್ಲಿ ಜೋಡಿಯ ಪರವಾಗಿ ಉತ್ತರ ಹೇಳುವವನು ಎಲ್ವಿಯೊ, ಬೇಡ ಎಂದರೆ ಸುತ್ತು ಬಿಟ್ಟುಕೊಟ್ಟಂತೆ. ಅವನ ಕೈಯಲ್ಲಿ ಬರೀ ಕಸ. ಮಿರ್ತಾಳ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ನೋಡಿದ.

"ಬೇಡ," ಎಂದು ಎಲೆ ಕವುಚಿ ಹಾಕಿದ.

ಮಿರ್ತಾ ಕತ್ತಿ ಎಕ್ಕವನ್ನು ಮೇಜಿಗೆ ಬಡಿದಳು. "ಏನು ಬೇಡ? ಇದು ಬೇಡ್ವಾ?"

ಮುಂದಿನ ಸುತ್ತಿನಲ್ಲೇ ಎದುರಾಳಿಗಳು ಆಟ ಮುಗಿಸಿ ಗೆದ್ದ ಕಪ್ ಹೊತ್ತುಕೊಂಡು ಹೋದರು. ಮೇಜಿನಲ್ಲಿ ಇವರಿಬ್ಬರೇ ಉಳಿದರು. ನಾನು ಲೋಟ ಎತ್ತುವ ನೆಪದಲ್ಲಿ ಪಕ್ಕದಲ್ಲೇ ಸುತ್ತುತ್ತಿದ್ದೆ.

"ಸನ್ನೆ ಮಾಡೋಕೆ ಏನಾಗಿತ್ತು ನಿನಗೆ?" ಎಲ್ವಿಯೊ ಕೇಳಿದ.

"ಮಾಡಿದೆ ಕಣಯ್ಯಾ! ಎರಡು ಸಲ ಮಾಡಿದೆ! ನೋಡು, ಹೀಗೆ." ಮಿರ್ತಾ ಉಸಿರು ಬಿಗಿಹಿಡಿದು ಹುಬ್ಬೆತ್ತಿದಳು. ಕಿವಿ ಅಲುಗಿತು. ಹುಬ್ಬು ಅಲುಗಲಿಲ್ಲ.

ಅವಳಿಗೆ ಆಗ ತಿಳಿಯಿತು. ಬೆರಳಿನಿಂದ ಹಣೆ ಮುಟ್ಟಿಕೊಂಡಳು. "ಅಯ್ಯೋ, ಸೂಜಿ," ಎಂದಳು.

"ಎಂಥ ಸೂಜಿ?"

"ಸುಕ್ಕಿಗೆ ಹಾಕಿಸ್ಕೊಂಡಿದ್ದು. ಹಣೇನೇ ಅಲುಗದಂಗೆ ಮಾಡಿಬಿಟ್ಟಿದೆ."

"ಮಧ್ಯಾಹ್ನದಿಂದ ನಿನ್ನ ಮುಖಾನೇ ನೋಡ್ತಿದೀನಿ. ಕಲ್ಲು! ನನ್ನ ಜೊತೆ ಆಡಿ ಸಾಕಾಗಿದೆ ಇವಳಿಗೆ, ಅದಕ್ಕೇ ಎರಡು ವಾರದಿಂದ ಪತ್ತೆ ಇಲ್ಲ ಅಂದ್ಕೊಂಡೆ. ಒಳಗೊಳಗೇ ಸತ್ತುಹೋದೆ. ಯಾವನಿಗೋಸ್ಕರ ಮಾಡಿಸ್ಕೊಂಡೆ ಇದನ್ನ?"

"ನಿನಗೋಸ್ಕರ."

ಅವನು ಅಭ್ಯಾಸಬಲದಿಂದ ಅವಳ ಮುಖ ಹುಡುಕಿದ, ಇದು ನಿಜವೋ ಆಟದ ಸುಳ್ಳೋ ಎಂದು. ಆ ಮುಖ ಒಂದಿಷ್ಟೂ ಸಹಾಯ ಮಾಡಲಿಲ್ಲ.

"ಇನ್ನೊಂದ್ಸಲ ಹೇಳು."

"ನಿನಗೋಸ್ಕರ ಅಂದೆನಲ್ಲ, ಕತ್ತೆ!"

ಎಲ್ವಿಯೊ ಎಲೆಗಳನ್ನು ಸುಮ್ಮನೆ ಜೋಡಿಸಿದ, ಮತ್ತೆ ಚೆಲ್ಲಿದ. "ಇಷ್ಟು ವರ್ಷ ಎದುರಿಗೇ ಕೂತಿದ್ದೆನಲ್ಲ ಮಿರ್ತಾ. ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನೀನೂ ಎದುರಿಗೇ ಕೂತಿದ್ದೆ."

ಅವನ ಕಿವಿ ಕೆಂಪಾಯಿತು. "ಸಂಜೆ ಎಲ್ಲಾ ಹಾಡೂ ನನ್ನ ಜೊತೇನೇ. ಕುಣಿಯೋಕೆ ಬರಲ್ಲ ನನಗೆ, ಈಗಲೇ ಹೇಳಿರ್ತೀನಿ," ಎಂದು ಎದ್ದ. ಮೇಜು ಸುತ್ತಿ ಬಂದು ಅವಳ ಪಕ್ಕದ ಕುರ್ಚಿ ಎಳೆದು ಕೂತ.