ಉಳಿದ ಐದು ಮಂಜುಗಂಟೆಗಳು

ಬೆಳಗಿನ ಐದೂವರೆ. ಬೆಟ್ಟದ ನೆತ್ತಿಯ ಸಸ್ಯ ಸಂರಕ್ಷಣಾ ಕೇಂದ್ರದ ಗೇಟಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಕಂಬ ಕಾಣುವುದಿಲ್ಲ, ಬೆಳಕಷ್ಟೇ ಕಾಣುತ್ತದೆ. ಆ ಬೆಳಕಿನ ಕೆಳಗೆ ಐವತ್ತೆಂಟರ ಹೆಂಗಸೊಬ್ಬರು ಮಣೆಯ ಮೇಲೆ ಕೂತಿದ್ದಾರೆ. ಮುಂದೆ ಎರಡು ಬೇಸಿನ್. ಒಂದರಲ್ಲಿ ನೀರು, ಇನ್ನೊಂದರಲ್ಲಿ ಮೂಗಿಗೆ ಘಾಟು ಹೊಡೆಯುವ ಔಷಧಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವರು ನನ್ನ ಬೂಟಿನ ಅಡಿಯನ್ನು ಗೆರೆಗೆರೆ ಬಿಡದೆ ತಿಕ್ಕುತ್ತಿದ್ದಾರೆ.

ಪೇಪರಿಗೆ ಬರೆಯಲು ಬಂದ ನಾನು ಸಂಕೋಚದಿಂದ ಕಾಲು ಹಿಂದಕ್ಕೆ ಎಳೆದುಕೊಂಡರೆ, ಅವರು ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆಯುತ್ತಾರೆ. "ನಾಚ್ಕೋಬೇಡಿ. ಎಂಥೆಂಥ ದೊಡ್ಡೋರ ಕಾಲೂ ಇದೇ ಬೇಸಿನ್ನಿಗೆ ಬಂದಿದೆ. ಮಣ್ಣಿಗೆ ದೊಡ್ಡೋರು ಚಿಕ್ಕೋರು ಅಂತ ಏನಿಲ್ಲ, ಯಾರ ಕಾಲಿಗಾದ್ರೂ ಅಂಟುತ್ತೆ."

ಇಲ್ಲಿ ಎಲ್ಲರೂ ಅವರನ್ನು ಗಂಟೆಯಕ್ಕ ಎನ್ನುತ್ತಾರೆ. ಮಂಜುಗಂಟೆ ಎಂಬ ಗಿಡವನ್ನು ಇಪ್ಪತ್ತೊಂಬತ್ತು ವರ್ಷ ಸಾಕಿದ್ದರಿಂದ ಬಂದ ಹೆಸರು. ದಿನಕ್ಕೆ ನಲವತ್ತರಿಂದ ಐವತ್ತು ಜೊತೆ ಬೂಟು ತೊಳೆಯುವುದು ಈಗ ಅವರ ಕೆಲಸ. ಅದರ ನಡುವೆ ಒಂದು ಗಂಟೆ ಮಾತ್ರ, ಬೆಳಗಿನ ಆರರಿಂದ ಏಳರವರೆಗೆ, ಅವರಿಗೆ ಒಳಗೆ ಹೋಗಲು ಅನುಮತಿಯಿದೆ. ನನ್ನ ಬೂಟು ಮುಗಿಸಿ ತಮ್ಮ ಬೂಟನ್ನೂ ಅಷ್ಟೇ ಹೊತ್ತು ತಿಕ್ಕಿ, ಮೊಣಕಾಲಿಗೆ ಕೈಕೊಟ್ಟು ಎದ್ದು, ಅವರು ನರ್ಸರಿಯ ಬಲೆಯ ಬಾಗಿಲು ತಳ್ಳುತ್ತಾರೆ.

ಒಳಗೆ ಎದೆಯೆತ್ತರದ ಬೆಂಚಿನ ಮೇಲೆ ಐದು ಕುಂಡಗಳು. ಒಂದೊಂದು ಕುಂಡದಲ್ಲಿ ಗೇಣುದ್ದದ ಒಂದೊಂದು ಗಿಡ. ಎಲೆಯ ಮೇಲೆ ಸಣ್ಣ ರೋಮ, ಕಾಂಡ ಪೆನ್ಸಿಲಿನಷ್ಟು ದಪ್ಪ. ನೋಡಲು ಬೇಲಿ ಪಕ್ಕದ ಯಾವುದೋ ಕಳೆಯ ಹಾಗಿದೆ. ಲೋಕದಲ್ಲಿ ಈ ಜಾತಿಯ ಗಿಡ ಇರುವುದು ಇವಿಷ್ಟೇ ಎಂದು ಕೇಂದ್ರದ ವಿಜ್ಞಾನಿ ಮೇಡಂ ನನಗೆ ಹಿಂದಿನ ದಿನ ಹೇಳಿದ್ದರು. ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಗಂಟೆಯಕ್ಕ ಕೈಪಂಪಿನ ಬಾಟಲಿ ತೆಗೆದುಕೊಂಡು ಗಿಡದ ಮೇಲಲ್ಲ, ಗಿಡದ ಸುತ್ತಲಿನ ಗಾಳಿಗೆ ನೀರು ಹೊಡೆಯುತ್ತಾರೆ. ಒಂದು ಗಿಡಕ್ಕೆ ಅರವತ್ತು ಸಲ. ಐದಕ್ಕೆ ಮುನ್ನೂರು. ಅವರ ಬಲಗೈ ಹೆಬ್ಬೆರಳಿನ ಗೆಣ್ಣು ಊದಿ ಅಡಿಕೆಯಷ್ಟಾಗಿದೆ. "ಇವಕ್ಕೆ ಬುಡಕ್ಕೆ ನೀರು ಹುಯ್ದ್ರೆ ಆಗಲ್ಲ. ಮಂಜು ಕುಡಿದು ಬೆಳೆದ ಜಾತಿ. ಬಾಯಾರಿಕೆ ಎಲೇಲಿರುತ್ತೆ, ಬೇರಲ್ಲಿ ಅಲ್ಲ," ಎನ್ನುತ್ತಾರೆ.

ಮಂಜುಗಂಟೆ ಹನ್ನೊಂದು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಹೊರಗೆ ಬಿಳಿ, ಒಳಗೆ ರಕ್ತದ ಬಣ್ಣದ, ತಲೆ ಕೆಳಗಾಗಿ ತೂಗುವ ಪುಟ್ಟ ಗಂಟೆ. ಮೂರು ಬೆಳಗು ಅರಳಿರುತ್ತದೆ. ಬೀಜ ಕಟ್ಟಿದ ಮೇಲೆ ಗಿಡ ಸಾಯುತ್ತದೆ. ಗಂಟೆಯಕ್ಕ ನೀರು ಹೊರುವ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂಬತ್ತು. ಗಂಡ ಬಿಟ್ಟುಹೋಗಿ ವರ್ಷವಾಗಿತ್ತು. ಕಣಿವೆಯಲ್ಲಿ ತಂಗಿಯ ಜೊತೆ ಒಂದು ಕೋಣೆಯ ಮನೆ, ಅಲ್ಲಿಂದ ಮೂರು ಕಿಲೋಮೀಟರ್ ಏರು. ಇಂದಿಗೂ ಅದೇ ಕೋಣೆ, ಅದೇ ಏರು. ಮೂವತ್ತೊಂದರಲ್ಲಿ, ನಲವತ್ತೆರಡರಲ್ಲಿ, ಐವತ್ಮೂರರಲ್ಲಿ, ಹೀಗೆ ಮೂರು ಸಲ ಅವರು ಆ ಹೂ ನೋಡಿದ್ದಾರೆ. ಇಷ್ಟು ಸಲ ನೋಡಿದವರು ಕೇಂದ್ರದಲ್ಲಿ ಬೇರೆ ಯಾರೂ ಇಲ್ಲ. ವಿಜ್ಞಾನಿ ಕೂಡ ನೋಡಿದ್ದು ಒಂದೇ ಸಲ.

ಆ ಮೂರನೆಯ ಹೂವಿನ ಬೀಜವನ್ನು ಗಂಟೆಯಕ್ಕನೇ, ಈ ಗಿಡ ಬೆಳೆಯುತ್ತಿದ್ದ ಒಂದೇ ಜಾಗವಾಗಿದ್ದ ಬೆಟ್ಟದ ಕೊರಕಲಿಗೆ ಹಗ್ಗ ಕಟ್ಟಿಕೊಂಡು ಇಳಿದು ತಂದರು. ಆ ಮಳೆಗಾಲದಲ್ಲೇ ಕೊರಕಲು ಜರಿಯಿತು. ಉದುರಿದ ಬೀಜ, ಮೊಳೆತ ಸಸಿ, ಎಲ್ಲದರ ಮೇಲೆ ಗುಡ್ಡ ಕೂತಿತು. ಹಾಗಾಗಿ ಈ ನರ್ಸರಿಯಲ್ಲಿ ಮೊಳೆತ ಇನ್ನೂರ ಹನ್ನೆರಡು ಸಸಿಗಳೇ ಆ ಕುಲಕ್ಕೆಲ್ಲ ಉಳಿದ ಮಕ್ಕಳಾದವು. ಎರಡು ವರ್ಷ ಅವನ್ನು ಗಂಟೆಯಕ್ಕ ಸಾಕಿದರು. ರಜೆ ಹಾಕಿದ್ದು ಆ ಎರಡು ವರ್ಷದಲ್ಲಿ ಮೂರೇ ದಿನ.

ಆ ಮೂರು ದಿನದ ಕತೆ ಹೇಳುವಾಗ ಅವರು ಪಂಪು ಕೆಳಗಿಡುತ್ತಾರೆ.

ತಂಗಿ ಕಣಿವೆಯಲ್ಲಿ ಗುತ್ತಿಗೆಗೆ ಒಂದು ತುಂಡು ನೆಲ ಹಿಡಿದು ಆಲೂಗಡ್ಡೆ ಹಾಕಿದ್ದಳು. ಕೀಳುವ ಹೊತ್ತಿಗೆ ಜಾರಿಬಿದ್ದು ಕೈ ಮುರಿದುಕೊಂಡಳು. ಮೋಡ ಕಟ್ಟಿತ್ತು. "ಅಕ್ಕಾ, ಮಳೆ ಬಿದ್ರೆ ಎಲ್ಲಾ ನೆಲದಲ್ಲೇ ಕೊಳೆಯುತ್ತೆ ಅಂದ್ಲು. ಹೋದೆ. ನನ್ನ ಹತ್ರ ಇದ್ದಿದ್ದು ಒಂದೇ ಜೊತೆ ಬೂಟು, ಆಫೀಸಲ್ಲಿ ಕೊಟ್ಟಿದ್ದು. ಅದನ್ನೇ ಹಾಕ್ಕೊಂಡು ಮೂರು ದಿನ ಆ ಮಣ್ಣಲ್ಲಿ ನಿಂತೆ. ನಾಲ್ಕನೇ ದಿನ ಬೆಳಿಗ್ಗೆ ಅದೇ ಬೂಟಲ್ಲಿ ಇಲ್ಲಿ ಬಂದು ಸಸಿಗೆ ನೀರು ಬಿಟ್ಟೆ."

ಆಗ ಗೇಟಿನಲ್ಲಿ ಬೇಸಿನ್ ಇರಲಿಲ್ಲ, ಬ್ರಷ್ಷೂ ಇರಲಿಲ್ಲ. ಬೂಟು ತೊಳೆದು ಬಾ ಎಂದು ಅವರಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಸಸಿಗಳ ಟ್ರೇಗಳು ನೆಲದ ಮೇಲಿದ್ದವು. ತುಂತುರು ಹೊಡೆಯುವ ನೀರಿನ ಪೈಪು ಆ ನೆಲದ ಮೇಲೆಯೇ ಹರಿದಾಡುತ್ತಿತ್ತು.

ಹದಿನೈದನೆಯ ದಿನಕ್ಕೆ ಬಾಗಿಲ ಪಕ್ಕದ ಸಸಿಗಳ ಬುಡ ಕಪ್ಪಾಯಿತು. ಒಂದು ವಾರದಲ್ಲಿ ಆ ಕಪ್ಪು ಕೊನೆಯ ಸಾಲಿಗೆ ಮುಟ್ಟಿತು. ಮುಟ್ಟಿದರೆ ಕಾಂಡ ಬೆರಳಿಗೆ ಲೋಳೆಯಾಗಿ ಬರುತ್ತಿತ್ತು. ಬುಡಕೊಳೆ ರೋಗ. ಕಿತ್ತು ಸುಡುವುದೊಂದೇ ದಾರಿ ಎಂದಾಯಿತು. ಹಸಿ ಗಿಡ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ತಗಡಿನ ಡ್ರಮ್ಮಿನಲ್ಲಿ ಒಣಸೌದೆ ಹಾಕಿ ಎರಡು ದಿನ ಸುಟ್ಟರು. ಬೇರೆಯವರು ಮಾಡುತ್ತೇವೆಂದರೂ ಗಂಟೆಯಕ್ಕ ಬಿಡಲಿಲ್ಲ. "ನಾನು ಎಣಿಸ್ತಾ ಹಾಕಿದೆ. ಇನ್ನೂರ ಐದು. ಹೊಗೆ ಕಣ್ಣಿಗೆ ಹೊಡೀತಿತ್ತು, ಹಾಗಾಗಿ ಅಳ್ತಿದ್ದೀನಿ ಅಂತ ಯಾರಿಗೂ ಗೊತ್ತಾಗ್ಲಿಲ್ಲ."

ಏಳು ಉಳಿದಿದ್ದವು. ಅವು ಉಳಿದ ರೀತಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬೆಳೆಯದೆ ಮುರುಟಿದ್ದ ಏಳು ಸಸಿಗಳನ್ನು ಎಸೆಯಿರಿ ಎಂದು ಯಾರೋ ಹೇಳಿದ್ದರು. ಎಸೆಯಲು ಮನಸ್ಸು ಬಾರದೆ ಗಂಟೆಯಕ್ಕ ಅವನ್ನು ಮೂಲೆಯ ಬೆಂಚಿನ ಮೇಲೆ ಎತ್ತಿಟ್ಟಿದ್ದರು. ಪೈಪು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ನೆನಪಾದಾಗ ಕೈಯಲ್ಲಿ ಒಂದಿಷ್ಟು ನೀರು ಚಿಮುಕಿಸುತ್ತಿದ್ದರು, ಅಷ್ಟೇ.

ತನಿಖೆಗೆಂದು ನಗರದಿಂದ ಮೂವರು ಬಂದರು. ರೋಗ ಹೊರಗಿನ ಮಣ್ಣಿನಿಂದ ಬಂದಿದೆ ಎಂದು ವರದಿ ಹೇಳಿತು. ಹೊರಗಿನ ಮಣ್ಣೆಂದರೆ ಎಲ್ಲರಿಗೂ ನೆನಪಾದದ್ದು ಕುಂಡಗಳಿಗೆ ಮಣ್ಣು ತರುವ ಲಾರಿ. ಡ್ರೈವರ್ ಎಲ್ಲೋ ಸಿಕ್ಕ ಮಣ್ಣು ತುಂಬಿ ತಂದಿದ್ದಾನೆ ಎಂದು ಅವರನ್ನು ಕೆಲಸದಿಂದ ನಿಲ್ಲಿಸಿದರು. ಗಂಟೆಯಕ್ಕನಿಗೆ ಆ ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ತಂಗಿಯ ಹೊಲದಲ್ಲಿ ಉಳಿದ ಆಲೂಗಡ್ಡೆ ಗಿಡಗಳ ಬುಡವೂ ಅದೇ ಕಪ್ಪಿಗೆ ತಿರುಗಿದ್ದನ್ನು ಅವರು ನೋಡಿದ್ದರು.

ಹನ್ನೆರಡು ದಿನ ಅವರು ಸುಮ್ಮನಿದ್ದರು. ಆ ವರ್ಷವೇ ಅವರ ಕೆಲಸ ಕಾಯಂ ಆಗುವುದಿತ್ತು. ತಂಗಿ ಕೈ ಹಿಡಿದುಕೊಂಡು ಹೇಳಿದಳಂತೆ: "ಬಾಯಿ ಬಿಟ್ರೆ ಬಣ್ಣಗೇಡು ಅಕ್ಕಾ. ನೀನು ಬೇಕು ಅಂತ ಮಾಡಿದ್ದಲ್ಲ. ಸುಮ್ನಿದ್ದುಬಿಡು."

"ಇದ್ದೆ," ಎನ್ನುತ್ತಾರೆ ಗಂಟೆಯಕ್ಕ. "ಒಂದಿನ ಪೇಟೇಲಿ ಡ್ರೈವರ್ ಹೆಂಡ್ತಿ ಎದುರಿಗೆ ಬಂದ್ಲು. ನನ್ನ ನೋಡಿ, 'ಅಕ್ಕಾ, ನೀವಾದ್ರೂ ಮೇಡಂಗೆ ಒಂದು ಮಾತು ಹೇಳಿ, ನಮ್ಮನೆಯವರು ಅಂಥೋರಲ್ಲ' ಅಂದ್ಲು. ಮನೆಗೆ ಹೋಗ್ಲಿಲ್ಲ ನಾನು. ಅಲ್ಲಿಂದಾನೇ ಬೆಟ್ಟ ಹತ್ತಿದೆ."

ಮುಂದಿನದನ್ನು ನನಗೆ ಹೇಳಿದ್ದು ವಿಜ್ಞಾನಿ. ಗಂಟೆಯಕ್ಕ ಅವರ ಕೋಣೆಗೆ ಬಂದು ನಿಂತೇ ಹೇಳಿದರಂತೆ: "ಮೇಡಂ, ಅದು ಲಾರಿ ಮಣ್ಣಲ್ಲ. ನನ್ನ ಬೂಟಿನ ಮಣ್ಣು."

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ."

"ಹಾಗಾದ್ರೆ ಹೇಳೋದು ಬೇಡ."

"ಮತ್ತೆ ಡ್ರೈವರ್?"

"ಗೇಟಲ್ಲಿ ಬೂಟು ತೊಳೆಯೋ ವ್ಯವಸ್ಥೆ ಮಾಡಬೇಕಾಗಿದ್ದು ನಾನು," ಎನ್ನುತ್ತಾರೆ ವಿಜ್ಞಾನಿ. "ಪುಸ್ತಕದಲ್ಲಿ ಓದಿದ್ದೆ, ಮಾಡಿರ್ಲಿಲ್ಲ. ಅವರು ತಪ್ಪು ಒಪ್ಪಿಕೊಂಡ್ರೆ ನನ್ನ ತಪ್ಪೂ ಆಚೆ ಬರುತ್ತೆ ಅನ್ನೋ ಭಯಕ್ಕೆ ಬೇಡ ಅಂದೆ. ಕೊನೆಗೆ ಅವರು ಹೇಳಿದ್ದನ್ನ ಬರ್ಕೊಂಡೆ. ಅವರು ಹೆಬ್ಬೆಟ್ಟು ಒತ್ತಿದ್ರು."

ಡ್ರೈವರ್ ಕೆಲಸಕ್ಕೆ ಮರಳಿದರು. ಗಂಟೆಯಕ್ಕನ ಕೈಯಿಂದ ನರ್ಸರಿಯ ಬೀಗದ ಕೈ ತೆಗೆದುಕೊಂಡರು. ಕಾಯಂ ಆಗುವ ಪತ್ರ ಬರಲಿಲ್ಲ. ಕೆಲಸದಿಂದ ತೆಗೆಯಬೇಕೆಂದೇ ಮೇಲಿನವರ ಅಭಿಪ್ರಾಯವಿತ್ತು. ವಿಜ್ಞಾನಿ ಹಟ ಹಿಡಿದು ಗೇಟಿಗೆ ಹಾಕಿಸಿದರು. ಗಂಟೆಯಕ್ಕ ಎನ್ನುತ್ತಿದ್ದ ಕೆಲವರು ಕೊಳೆಯಕ್ಕ ಎನ್ನತೊಡಗಿದರು, ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಆ ಹೆಸರು ಕೇಳಿದಾಗ ಏನನಿಸುತ್ತದೆ ಎಂದರೆ ಅವರು ಭುಜ ಕುಣಿಸುತ್ತಾರೆ. "ಕರೆದ್ರೆ ಓ ಅಂತೀನಿ."

ಏಳು ಸಸಿಗಳನ್ನು ಪದವಿ ಓದಿ ಬಂದ ಹೊಸ ಸಹಾಯಕರಿಗೆ ವಹಿಸಲಾಯಿತು. ಅವರು ಹೊತ್ತುಹೊತ್ತಿಗೆ ಅಳತೆಯ ನೀರು, ಅಳತೆಯ ಗೊಬ್ಬರ ಕೊಟ್ಟರು. ಗಂಟೆಯಕ್ಕ ಗೇಟಿನಿಂದ ಬಂದು ಬಲೆಯ ಹೊರಗೆ ನಿಂತು ನೋಡುತ್ತಿದ್ದರು. ಎಲೆ ಬಾಡುತ್ತಿರುವುದು, ಬುಡ ಮಾತ್ರ ಹಸಿಯಾಗಿರುವುದು ಅಲ್ಲಿಂದಲೇ ಕಾಣುತ್ತಿತ್ತು. ಬುಡಕ್ಕೆ ಹುಯ್ಯಬೇಡಿ ಎಂದು ಒಂದು ಸಲ ಹೇಳಿದರು. "ಇಷ್ಟಾದ ಮೇಲೂ ನಿಮ್ಮ ಮಾತು ಕೇಳಬೇಕಾ?" ಎಂಬ ಉತ್ತರ ಬಂತು. ಎರಡನೆಯ ಸಲ ಅವರು ಹೇಳಲಿಲ್ಲ. ಇಂದಿಗೂ ಅವರನ್ನು ಹೆಚ್ಚು ಕಾಡುವುದು ಆ ಎರಡನೆಯ ಸಲವೇ. ಒಂದು ಸಸಿ ಸತ್ತಿತು. ತಿಂಗಳು ಬಿಟ್ಟು ಇನ್ನೊಂದು.

ಐದೇ ಉಳಿದಾಗ ವಿಜ್ಞಾನಿ ತಾವೇ ಗೇಟಿಗೆ ಬಂದರು. ಮಣೆಯ ಎದುರು ನೆಲದ ಮೇಲೆ ಕೂತು, ಒಳಗೆ ಬನ್ನಿ ಎಂದು ಕೇಳಿದರು. ಮೇಲಿನವರನ್ನು ಒಪ್ಪಿಸಿ ಪಡೆದದ್ದು ಈ ಒಂದು ಗಂಟೆ. ಅದಾಗಿ ಎರಡು ವರ್ಷವಾಯಿತು. ಐದರಲ್ಲಿ ಒಂದೂ ಸತ್ತಿಲ್ಲ. ಹಾಗೆಂದು ಯಾರೂ ಸಂಭ್ರಮಿಸುವ ಸ್ಥಿತಿಯಲ್ಲೂ ಇಲ್ಲ. ಐದೂ ಹುಟ್ಟಿನಿಂದಲೇ ಬಲಹೀನ, ಹೂ ಬಿಡುವ ಕಸುವು ಇದೆಯೋ ಇಲ್ಲವೋ ಹೇಳಲಾಗದು ಎನ್ನುತ್ತಾರೆ ವಿಜ್ಞಾನಿ. ಬಿಟ್ಟರೆ ಇನ್ನು ಆರು ವರ್ಷಕ್ಕೆ. ಗಂಟೆಯಕ್ಕನ ಕೆಲಸ ಇನ್ನೆರಡು ವರ್ಷಕ್ಕೆ ಮುಗಿಯುತ್ತದೆ.

ಹಿಂದಿನ ದಿನ ಗೇಟಿನ ಬಳಿ ಡ್ರೈವರ್ ಸಿಕ್ಕಿದ್ದರು. ಬೂಟು ತೊಳೆಸಿಕೊಳ್ಳಲು ಅವರು ಗಂಟೆಯಕ್ಕನ ಮುಂದೆ ಕಾಲು ಚಾಚುವುದಿಲ್ಲ, ಬ್ರಷ್ಷು ತೆಗೆದುಕೊಂಡು ತಾವೇ ತೊಳೆದುಕೊಳ್ಳುತ್ತಾರೆ. ಇಬ್ಬರ ನಡುವೆ ಮಾತಿಲ್ಲ. "ಹೇಳಿದ್ರು, ಇಲ್ಲ ಅನ್ನಲ್ಲ," ಎಂದರು ಅವರು ನನಗೆ. "ಆದ್ರೆ ಹನ್ನೆರಡು ದಿನ ಬಿಟ್ಟು ಹೇಳಿದ್ರು. ಆ ಹನ್ನೆರಡು ದಿನ ನನ್ನ ಮಗಳು ಸ್ಕೂಲಿಗೆ ಹೋಗ್ಲಿಲ್ಲ." ಇದನ್ನು ಗಂಟೆಯಕ್ಕನಿಗೆ ಹೇಳಿದಾಗ ಅವರು ತಲೆಯಾಡಿಸಿದರು. "ಸರಿಯಾಗೇ ಹೇಳಿದಾನೆ."

ಏಳಕ್ಕೆ ಅವರ ಗಂಟೆ ಮುಗಿಯುತ್ತದೆ. ಬಲೆಯ ಬಾಗಿಲು ಎಳೆದುಕೊಂಡು ಹೊರಬರುವಾಗ, ಬೂಟಿನ ವಿಷಯ ಪೇಪರಿನಲ್ಲಿ ಬರೆಯಬಹುದೇ ಎಂದು ಅಳುಕುತ್ತಲೇ ಕೇಳುತ್ತೇನೆ.

"ಬರೀರಿ. ಅದನ್ನ ಬಿಟ್ಟು ಬರೆದ್ರೆ ಓದಿದೋರಿಗೆ ನಾನು ಯಾರೋ ದೊಡ್ಡ ಮನುಷ್ಯಳ ಥರ ಕಾಣ್ತೀನಿ." ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ. ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಾರೆ. ದನಿ ತಗ್ಗಿದೆ, ಯಾರಾದರೂ ಕೇಳಿಸಿಕೊಂಡರೆ ತಪ್ಪು ತಿಳಿದಾರು ಎಂಬಂತೆ.

"ಇನ್ನೂರ ಏಳು ಹೋಗಿದ್ದು ನನ್ನಿಂದ. ಅದನ್ನ ಎಲ್ಲರ ಮುಂದೆ ಹೇಳಿದೀನಿ. ಐದು ಉಳಿದಿದ್ದೂ ನನ್ನಿಂದಾನೇ. ಅದನ್ನ ಇವತ್ತೇ ಮೊದಲು ಬಾಯಿಬಿಟ್ಟು ಹೇಳ್ತಿರೋದು."